ಹೊತ್ತು ಮುಳುಗಿದ ಮೇಲಿನ ಗುಳಿಗೆ

ಖಾನಾಪುರದಲ್ಲಿ ಸೂರ್ಯ ಮುಳುಗಬೇಕಾದರೆ ಬಾಹುಬಲಿ ಜಿನ್ನಪ್ಪ ಚೌಗಲಾ ಅವರು ನೀರು ಕುಡಿದು ಮುಗಿಸಬೇಕಿತ್ತು. ಪಂಚಾಂಗದವರು ಇದನ್ನು ಒಪ್ಪುವುದಿಲ್ಲ. ಸೂರ್ಯ ತನ್ನ ಪಾಡಿಗೆ ತಾನು ಮುಳುಗುತ್ತಾನೆ, ಅದನ್ನು ನೋಡಿಕೊಂಡು ಚೌಗಲಾ ನೀರು ಕುಡಿಯುತ್ತಾರೆ ಎಂದು ಅವರ ವಾದ. ಬಜಾರಿನಲ್ಲಿ ಕಣ್ಣಿದ್ದವರು ಕಂಡದ್ದೇ ಬೇರೆ. ಸಂಜೆಯ ಊಟ ಮುಗಿಸಿ, ಕೈಯಲ್ಲಿ ಹಿತ್ತಾಳೆ ತಂಬಿಗೆ ಹಿಡಿದು, ಅವರು ಪಾತ್ರೆ-ಭಾಂಡೆ ಅಂಗಡಿಯ ಕಟ್ಟೆಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಂತರೆ, ಸೂರ್ಯ ಹಂಚಿನ ಕಾರ್ಖಾನೆಯ ಚಿಮಣಿಯ ಪಕ್ಕ ಸಾಹೇಬರ ಕೋಣೆಯ ಹೊರಗೆ ನಿಂತ ಕಾರಕೂನನಂತೆ ತಡವರಿಸುತ್ತಿದ್ದ. ತಂಬಿಗೆ ಮೇಲೇರುತ್ತಿತ್ತು. ಮೂರು ಗುಟುಕು. ಮೂರನೆಯದು ಗಂಟಲಿಳಿದು ತಂಬಿಗೆ ಕಟ್ಟೆಯ ಮೇಲೆ ಬೋರಲಾಗಿ ಕೂತ ಮೇಲಷ್ಟೇ ಸೂರ್ಯನಿಗೆ ಮನೆಗೆ ಹೋಗಲು ಅಪ್ಪಣೆ. ಎದುರಿನ ಗಡಿಯಾರ ರಿಪೇರಿಯವನು ಆ ಮೂರನೆಯ ಗುಟುಕಿಗೆ ತನ್ನ ಗೋಡೆಯ ಗಡಿಯಾರಗಳನ್ನೆಲ್ಲ ತಿದ್ದಿಕೊಳ್ಳುತ್ತಿದ್ದನೆಂದು ಪ್ರತೀತಿ. ಸೂರ್ಯಾಸ್ತ ದಿನಕ್ಕೊಂದು ಹೊತ್ತಿಗೆ ಆಗುವುದರಿಂದ ಅವನ ಯಾವ ಗಡಿಯಾರವೂ ಸರಿ ಇರಲಿಲ್ಲ ಎಂಬುದು ಬೇರೆ ಮಾತು.

ಮಳೆಗಾಲದ ನಾಲ್ಕು ತಿಂಗಳು ಖಾನಾಪುರಕ್ಕೆ ಸೂರ್ಯನ ದರ್ಶನವೇ ಅಪರೂಪ. ಆಗ ಚೌಗಲಾ ಮೋಡದ ಹಿಂದಿನ ಸೂರ್ಯನನ್ನು ನಂಬದೆ ಅರ್ಧ ಗಂಟೆ ಮೊದಲೇ ಕುಡಿದು ಮುಗಿಸುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಸೂರ್ಯ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಸರಳವಾಗಿ ಹೇಳಬೇಕೆಂದರೆ ಅವರು ಜೈನರು, ಹೊತ್ತು ಮುಳುಗಿದ ಮೇಲೆ ಅನ್ನವನ್ನೂ ನೀರನ್ನೂ ಮುಟ್ಟದ ವ್ರತದವರು. ಆ ವ್ರತ ಹಿಡಿದವರು ಊರಲ್ಲಿ ಇನ್ನೂ ಹಲವರಿದ್ದರು. ಆದರೆ ಉಳಿದವರು ಮನೆಯೊಳಗೆ ಸದ್ದಿಲ್ಲದೆ ನೀರು ಕುಡಿದು ಮಲಗುತ್ತಿದ್ದರಿಂದ ಅವರ ಹೆಸರು ಇತಿಹಾಸಕ್ಕೆ ಸೇರಲಿಲ್ಲ.

ನಾನು ಹೇಳುತ್ತಿರುವುದು ೨೦೦೧ರ ಮಾತು. ಚೌಗಲಾ ಅವರಿಗೆ ಆಗ ಐವತ್ಮೂರು. ಹೆಸರು ಬಾಹುಬಲಿಯಾದರೂ ತೋಳುಗಳು ನುಗ್ಗೆಕಾಯಿಯಂತೆ. ಆದರೆ ಬಲಗೈಯ ತುದಿಯಲ್ಲಿದ್ದ ಮೂರು ಬೆರಳುಗಳಿಗೆ ಇಡೀ ತಾಲೂಕಿನಲ್ಲಿ ಸಾಟಿ ಇರಲಿಲ್ಲ. ಸೋಮಲಿಂಗ ಎಂಬವನ ಭಾಂಡೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವರ ಕೆಲಸ. ದುಂಬಿಯಂತೆ ಗುಂಯ್‌ಗುಡುವ ಕರೆಂಟಿನ ಸೂಜಿ ಹಿಡಿದು ಕೂತರೆ ಸ್ಟೀಲಿನ ಮೇಲೆ ಅಕ್ಷರಗಳು ಮುತ್ತು ಪೋಣಿಸಿದಂತೆ ಬೀಳುತ್ತಿದ್ದವು. ಗಿರಾಕಿ ಕೇಳಿದರೆ ಕನ್ನಡ, ಕೇಳಿದರೆ ಮರಾಠಿ. ಜಗಳವಾಡುತ್ತ ಬಂದ ಬೀಗರಿಗೆ ಕೊಡದ ಆಚೆ ಬದಿಗೆ ಒಂದು, ಈಚೆ ಬದಿಗೆ ಒಂದು. ದೊಡ್ಡವರು ವರ್ಷಗಟ್ಟಲೆ ಬಗೆಹರಿಸಲಾಗದ ಗಡಿ ತಂಟೆಯನ್ನು ಅವರು ಕೊಡವನ್ನು ತಿರುಗಿಸಿ ಬಗೆಹರಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಕಾಲು ಬಾತವು. ಬೆಳಗಾವಿಗೆ ಹೋಗಿ ಸದಾಶಿವನಗರದ ಡಾಕ್ಟರ್ ಸಂಜಯ ಅವರಿಗೆ ತೋರಿಸಿದಾಗ ತಿಳಿದದ್ದಿಷ್ಟು: ಬಿಪಿ ಬಹಳ ದಿನದಿಂದ ಏರಿ ಕೂತಿದೆ, ಎರಡೂ ಮೂತ್ರಪಿಂಡಗಳು ಸೊರಗಿವೆ, ಸೊರಗಿದ ಮೂತ್ರಪಿಂಡಗಳು ಬಿಪಿಯನ್ನು ಇನ್ನಷ್ಟು ಏರಿಸುತ್ತಿವೆ. ಕಳ್ಳ ಮತ್ತು ಕಳ್ಳನ ಭಾವ ಒಂದೇ ಮನೆಯಲ್ಲಿ ಬಿಡಾರ ಹೂಡಿದಂತೆ. ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದರು. ಚೌಗಲಾ ಅಂದೇ ಹಪ್ಪಳ, ಉಪ್ಪಿನಕಾಯಿ, ಸಂಡಿಗೆಗಳಿಗೆ ಕೈಮುಗಿದು ವಿದಾಯ ಹೇಳಿದರು. ವ್ರತ ಹಿಡಿದು ರೂಢಿ ಇದ್ದವರು, ಒಂದು ಹೆಚ್ಚಾಯಿತು ಅಷ್ಟೇ.

ತೊಡಕಾದದ್ದು ಗುಳಿಗೆ. ಚೀಟಿಯಲ್ಲಿ ಡಾಕ್ಟರು ಬರೆದಿದ್ದರು: ಬೆಳಿಗ್ಗೆ ಒಂದು, ರಾತ್ರಿ ಒಂದು.

ರಾತ್ರಿ! ಖಾನಾಪುರದ ರೈಲಿನಲ್ಲಿ ಕೂತು ಚೌಗಲಾ ಆ ಶಬ್ದವನ್ನು ದೇಸೂರು ಸ್ಟೇಷನ್ ದಾಟುವವರೆಗೂ ನೋಡಿದರು. ವಾಪಸು ಹೋಗಿ ಕೇಳಬಹುದಿತ್ತು. ಆದರೆ ಡಾಕ್ಟರರ ಮುಂದೆ ಧರ್ಮದ ಮಾತು ಎತ್ತಿದರೆ ಅವರು ವ್ರತ ಬಿಡು ಅಂದಾರು. ದೊಡ್ಡವರು ಅಂದ ಮೇಲೆ ಇಲ್ಲ ಅನ್ನುವುದು ಹೇಗೆ? ಕೇಳದಿದ್ದರೆ ಅವರು ಅನ್ನುವುದೂ ಇಲ್ಲ, ತಾನು ಮೀರುವುದೂ ಇಲ್ಲ. ಈ ತರ್ಕದ ಮೇಲೆ ತೀರ್ಪಾಯಿತು. ದಿನಕ್ಕೆ ಎರಡು ಗುಳಿಗೆ ತಾನೆ? ಬಸದಿಗೆ ಹೋಗಿ ಬಂದು, ಒಂಬತ್ತು ಗಂಟೆಗೆ ನಾಷ್ಟಾ ಮುಗಿಸಿ, ಎರಡನ್ನೂ ಒಟ್ಟಿಗೆ ನುಂಗುವುದು. ಡಾಕ್ಟರಿಗೂ ನ್ಯಾಯ, ಧರ್ಮಕ್ಕೂ ನ್ಯಾಯ. ಎರಡು ವರ್ಷದಲ್ಲಿ ಒಂದು ಗುಳಿಗೆಯೂ ತಪ್ಪಲಿಲ್ಲ.

ಎರಡು ತಿಂಗಳಿಗೊಮ್ಮೆ ಅವರು ಒಬ್ಬರೇ ಬೆಳಗಾವಿಗೆ ಹೋಗಿ, ಹನ್ನೊಂದೂವರೆಗೆ ಡಾಕ್ಟರರ ಮುಂದೆ ತೋಳು ಚಾಚುತ್ತಿದ್ದರು. ಆಗ ತಾನೆ ಎರಡು ಗುಳಿಗೆಗಳು ಹೊಟ್ಟೆಯಲ್ಲಿ ಕೂತು ರಾಜ್ಯಭಾರ ಮಾಡುತ್ತಿರುವ ಹೊತ್ತು. ಬಿಪಿ ಹೊಸದಾಗಿ ಮದುವೆಯಾದ ಅಳಿಯನಂತೆ ತಗ್ಗಿ ನಿಂತಿರುತ್ತಿತ್ತು.

"ಚೌಗಲಾ, ನಿಮ್ಮಂಥ ಪೇಶಂಟ್ ಹತ್ತ ಮಂದಿ ಇದ್ರ ನಾ ದವಾಖಾನಿ ಬಂದ್ ಮಾಡ್ಬೇಕಾಕ್ಕೈತಿ ನೋಡ್ರಿ" ಎಂದು ಡಾಕ್ಟರು ನಗುತ್ತಿದ್ದರು. ಆಮೇಲೆ ರಕ್ತದ ರಿಪೋರ್ಟು ನೋಡಿ ನಗು ನಿಲ್ಲಿಸುತ್ತಿದ್ದರು. ಬಿಪಿ ಇಷ್ಟು ಚೆನ್ನಾಗಿದ್ದೂ ಮೂತ್ರಪಿಂಡಗಳ ಶಕ್ತಿ ಯಾಕೆ ಇಳಿಯುತ್ತಿದೆ ಎಂಬುದು ಅವರಿಗೆ ಬಗೆಹರಿಯದ ಒಗಟಾಗಿತ್ತು. ಮಧ್ಯಾಹ್ನ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಎಂಬುದನ್ನು ಚೌಗಲಾ ಹೇಳಲಿಲ್ಲ. ಅದು ಪಿತ್ತ ಎಂದು ಅವರು ಸ್ವತಃ ನಿರ್ಧರಿಸಿಯಾಗಿತ್ತು.

ಫೆಬ್ರವರಿಯಲ್ಲಿ ಮದುವೆಗಳ ಸಾಲು ಶುರುವಾಯಿತು. ಕೊಡ, ಹಂಡೆ, ಡಬ್ಬಿಗಳು ಗುಡ್ಡೆ ಬಿದ್ದವು. ಒಂದು ಸೋಮವಾರ ಚೌಗಲಾ ಬಸದಿಯನ್ನೂ ನಾಷ್ಟಾವನ್ನೂ ಆಮೇಲಿಗೆ ಇಟ್ಟು, ಬೆಳಿಗ್ಗೆ ಆರೂವರೆಗೇ ಅಂಗಡಿ ತೆರೆದು ಕೂತರು. ಕೈಯಲ್ಲಿದ್ದದ್ದು ನಂದಗಡದ ಗಿರಾಕಿಯ ಕೊಡ. ಬರೆಯಬೇಕಿದ್ದದ್ದು: ಸೌ. ಕಾಂತಾ ಇವರಿಂದ ಪ್ರೀತಿಯ ಸೊಸೆ ನೀಲಾಳಿಗೆ. "ಪ್ರೀತಿಯ" ಎನ್ನುವವರೆಗೆ ಮುತ್ತು. ಅಲ್ಲಿಂದ ಮುಂದೆ ಗೆರೆ ಕುಡಿದವನಂತೆ ಓಲಾಡಿ, ಕೊಡದ ಹೊಟ್ಟೆಯಿಂದ ಜಾರಿ, ತಳದ ಹತ್ತಿರ ಹೋಗಿ ಮಲಗಿತು. ಸೂಜಿ ನೆಲಕ್ಕೆ ಬಿದ್ದು ತಾನೊಂದೇ ಗುಂಯ್‌ಗುಡುತ್ತಿತ್ತು.

ಅಷ್ಟರಲ್ಲಿ ಸೋಮಲಿಂಗ ಒಳಗೆ ಬಂದ.

"ಏನ್ರೀ ಚೌಗಲಾ, ಇವತ್ತ ದೇವರಿಗೂ ರಜಾ ಕೊಟ್ರೇನು?"

ಚೌಗಲಾ ಏನೋ ಹೇಳಿದರು. ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡವರ ಮಾತಿನಂತಿತ್ತು. ಹುಟ್ಟಿದಾಗಿನಿಂದ ಬಟಾಟೆ ಮುಟ್ಟದವರು ಅವರು.

"ಎಲಿ ಹಾಕ್ಕೊಂಡೀರಿ? ಇದ ಯಾವಾಗಿಂದ ಚಾಲೂ ಆತು ಮಾರಾಯ್ರ?"

ಚೌಗಲಾ ತಲೆಯಾಡಿಸಿ, ಎಡಗೈಯಲ್ಲಿ ಸ್ವಿಚ್ ಆರಿಸಿ, ಗೋಡೆಗೆ ಒರಗಿ ಕೂತರು. ಹತ್ತು ನಿಮಿಷಕ್ಕೆ ಬೆರಳುಗಳು ಒಂದೊಂದಾಗಿ ವಾಪಸು ಬಂದವು, ಮಾತೂ ಬಂತು. ಕೊಡ ಕೈಜಾರಿ ನೆಗ್ಗಿತು, ಅದನ್ನು ತಾನೇ ಕೊಳ್ಳುತ್ತೇನೆ ಎಂದು ಸೋಮಲಿಂಗನಿಗೆ ಹೇಳಿ, ಇನ್ನೊಂದು ಕೊಡಕ್ಕೆ ಹೆಸರು ಬರೆದು ನಂದಗಡಕ್ಕೆ ಕಳಿಸಿದರು. ಹಾಳಾದ ಕೊಡವನ್ನು ಧೋತರದ ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದು ಜೋಳದ ಕಣಜದ ಹಿಂದೆ ಅಡಗಿಸಿದರು.

ಅಡಗಿಸಲು ಕಾರಣವಿತ್ತು. ಅಣ್ಣ ಸನ್ಮತಿಗೆ ಮೂರು ವರ್ಷದ ಹಿಂದೆ ಹೀಗೆಯೇ ಚಹಾದ ಬಸಿ ಕೈಜಾರಿತ್ತು. ಐದು ನಿಮಿಷದಲ್ಲಿ ಸರಿಹೋಯಿತೆಂದು ಎಲ್ಲರೂ ನಕ್ಕಿದ್ದರು. ಎಂಟನೆಯ ದಿನ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆರು ತಿಂಗಳು ಮಲಗಿದ್ದು ತೀರಿಕೊಂಡ. ಚೌಗಲಾ ಅವರಿಗೆ ಮುಂದಿನ ಅಧ್ಯಾಯ ಗೊತ್ತಿತ್ತು. ಬಲಗೈ ಹೋದರೆ ತನ್ನಲ್ಲಿ ಉಳಿಯುವುದು ತಲೆಯ ಮೇಲಿನ ಒಂದು ಟೋಪಿ ಮತ್ತು ಒಂದು ತಂಬಿಗೆ ಎಂಬುದೂ ಗೊತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೆ ಅದು ಬಂದ ದಾರಿಯಲ್ಲೇ ಹೋದೀತೆಂದು ಅವರು ಸುಮ್ಮನಾದರು. ಡಾಕ್ಟರರ ವಿಷಯದಲ್ಲಿ ಫಲಿಸಿದ ಉಪಾಯವನ್ನೇ ಯಮನ ಮೇಲೂ ಪ್ರಯೋಗಿಸಿದರು.

ಮೂರನೆಯ ದಿನ ಹೆಂಡತಿ ರತ್ನಮಾಲಾ ಜೋಳ ತೆಗೆಯಲು ಹೋಗಿ ಕೊಡ ಕಂಡಳು. ಬೆಳಕಿಗೆ ಹಿಡಿದು ಓದಿದಳು: ಸೌ. ಕಾಂತಾ ಇವರಿಂದ ಪ್ರೀತಿಯ. ಮುಂದೆ ಏನೂ ಇಲ್ಲ, ಬರೀ ಗೀಚು. ಹೊಸ ಕೊಡ, ತನ್ನ ಮನೆ, ಕಣಜದ ಹಿಂದೆ.

ಚೌಗಲಾ ಮನೆಗೆ ಬರುವ ಹೊತ್ತಿಗೆ ಕೊಡ ನಡುಮನೆಯಲ್ಲಿ ಮಣೆಯ ಮೇಲೆ ಕೂತಿತ್ತು, ನ್ಯಾಯಾಧೀಶರಂತೆ.

"ಯಾರ್ರೀ ಈ ಕಾಂತಾ?"

ಚೌಗಲಾ ಟೋಪಿ ತೆಗೆದು ಗೂಟಕ್ಕೆ ಹಾಕಿದರು.

"ಸೌಭಾಗ್ಯವತಿ ಅಂತ ಬ್ಯಾರೆ! ಮದಿವ್ಯಾದಾಕಿ! ಮನ್ಯಾಗ ಮಂದಿ ಇದ್ದಾರು ಅನ್ನೂ ಖಬರರ ಐತಿಲ್ಲ ಆಕಿಗೆ? ಪ್ರೀತಿಯ ಏನ್ರೀ? ಪ್ರೀತಿಯ ಏನು? ಮುಂದ ಬರ್ಯಾಕ ಕೈ ನಡುಗಿತೇನು?"

ಬಾಣ ನಾಟಬೇಕಾದ ಜಾಗವನ್ನು ಬಿಟ್ಟು ಇನ್ನೂ ಆಳದ ಜಾಗದಲ್ಲಿ ನಾಟಿತು. ಚೌಗಲಾ ಅವರ ಮುಖ ಬಿಳಿಚಿಕೊಂಡಿತು. ರತ್ನಮಾಲಾ ಅದನ್ನು ತಪ್ಪೊಪ್ಪಿಗೆ ಎಂದು ದಾಖಲು ಮಾಡಿಕೊಂಡಳು. ಈಗ ಚೌಗಲಾ ಅವರ ಮುಂದೆ ಎರಡು ದಾರಿ: ಕೈ ಸತ್ತಿತ್ತು ಎಂದು ಹೇಳುವುದು, ಅಥವಾ ಇನ್ನೊಬ್ಬಳ ಕಳಂಕ ಹೊರುವುದು. ಅವರು ಕಳಂಕವನ್ನು ಆರಿಸಿಕೊಂಡರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ಬಂದ ಅತ್ಯಂತ ಗೌರವಾನ್ವಿತ ಆರೋಪ ಅದು ಎಂದು ಸೋಮಲಿಂಗ ಆಮೇಲೆ ಅಂದದ್ದುಂಟು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಡುಗೆಗೆ ಉಪ್ಪು ಹಾಕದೆ ಶಿಕ್ಷಿಸೋಣವೆಂದರೆ ಅದು ಮೊದಲೇ ಡಾಕ್ಟರರ ಆಜ್ಞೆಯಾಗಿತ್ತು. ಗಂಡನಿಗೆ ಶಿಕ್ಷೆಯಾದದ್ದೇ ತಿಳಿಯುತ್ತಿಲ್ಲ ಎಂದು ಕಂಡಾಗ ರತ್ನಮಾಲಾ ಕೊಡವನ್ನು ಸೆರಗಿನಡಿ ಇಟ್ಟುಕೊಂಡು, ಚೌಗಲಾ ಬಸದಿಗೆ ಹೋದ ಹೊತ್ತು ನೋಡಿ, ಸೀದಾ ಅಂಗಡಿಗೆ ನಡೆದಳು.

"ಸೋಮಲಿಂಗಣ್ಣ, ನಿನ್ನ ದೇವರ ಆಣಿ. ಖರೇ ಹೇಳು. ಈ ಕಾಂತಾ ಯಾರು?"

"ಕಾಂತಾಬಾಯೇನು? ನಂದಗಡದಾಕಿ ವೈನಿ. ಎಪ್ಪತ್ತರ ಮುದುಕಿ. ಬಾಯಾಗ ಒಂದ್ ಹಲ್ಲಿಲ್ಲ. ಸೊಸಿಗೆ ಕೊಡ ಬರಸ್ಯಾಳ, ಮೊನ್ನಿ ಒಯ್ದಾಳ."

ರತ್ನಮಾಲಾಳ ಎದೆ ಹಗುರಾಯಿತು. ಎಪ್ಪತ್ತು ಎಂದದ್ದಕ್ಕೆ ಸ್ವಲ್ಪ ಅವಮಾನವೂ ಆಯಿತು. "ಹಂಗಾರ ಇದು?" ಎಂದು ಕೊಡ ಮುಂದಿಟ್ಟಳು.

ಸೋಮಲಿಂಗ ಚಷ್ಮಾ ಏರಿಸಿದ. "ಇದು ನೆಗ್ಗೇತಿ ಅಂದಿದ್ರಲ್ಲ, ಎಲ್ಲೂ ನೆಗ್ಗಿಲ್ಲ." ಬೆರಳಿಂದ ಅಕ್ಷರ ಸವರಿದ. "ಇದು ಚೌಗಲಾರ ಕೈ ಹೌದು. ಇಲ್ಲೀತನಾ ಹೌದು." ಬೆರಳು ನಿಂತಿತು. "ಇಲ್ಲಿಂದ ಮುಂದ ಅವರದಲ್ಲ, ವೈನಿ."

ಆಮೇಲೆ ಅವನಿಗೆ ಸೋಮವಾರದ ಬೆಳಗು, ಬಾಯಲ್ಲಿ ಎಲೆ ಇಟ್ಟುಕೊಂಡಂಥ ಮಾತು ನೆನಪಾಯಿತು. ಹೇಳಿದ. ರತ್ನಮಾಲಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ವೈನಿ, ಅಂದರೆ ಅತ್ತಿಗೆ, ಎನ್ನುವ ಮೈದುನನಲ್ಲದ ಮೈದುನನೆದುರು ಅಳಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಂತಾಳನ್ನು ಅವಳು ಜಡೆ ಹಿಡಿದು ಎದುರಿಸಬಲ್ಲವಳಾಗಿದ್ದಳು. ಸನ್ಮತಿ ಭಾವನ ಚಹಾದ ಬಸಿಗೆ ಜಡೆ ಇರಲಿಲ್ಲ.

ಅಂದೇ ಗಂಡನನ್ನು ರೈಲು ಹತ್ತಿಸಿದಳು. ಚೌಗಲಾ ಒಂಬತ್ತರ ಗುಳಿಗೆಗಳನ್ನು ನುಂಗಿಯೇ ಹೊರಟರು. ಮೊದಲ ಬಾರಿಗೆ ಅವರ ಜೊತೆ ಇನ್ನೊಬ್ಬರು ಡಾಕ್ಟರರ ಕೋಣೆಗೆ ಕಾಲಿಟ್ಟದ್ದು ಆ ದಿನವೇ.

"ಒಂದ್ನೂರಾ ಮೂವತ್ತು, ಎಂಬತ್ನಾಕು" ಎಂದು ಡಾಕ್ಟರು ಪಟ್ಟಿ ಬಿಚ್ಚಿದರು. "ಬಂಗಾರದಂಥಾ ಬಿಪಿ. ಇದ್ಯಾಕ ಅವಸರ್ಲೆ ಬಂದ್ರಿ?"

ರತ್ನಮಾಲಾ ಮೇಜಿನ ಮೇಲೆ ಕೊಡ ಇಟ್ಟಳು.

"ಇದೇನ್ ತಾಯಿ, ನನಗ ಆಹೇರಿ ಉಡುಗೊರಿ?"

"ಓದ್ರಿ."

ಡಾಕ್ಟರು ಓದಿದರು. ಗೆರೆ ಓಲಾಡಿದ ಕಡೆ ನಗು ನಿಂತಿತು. ಎಕ್ಸ್‌ರೇ ನೋಡಿದಂತೆ ಕೊಡವನ್ನು ಕಿಟಕಿಗೆ ಹಿಡಿದು ತಿರುಗಿಸಿದರು.

"ಎಷ್ಟೊತ್ತಿಗೆ ಬರದದ್ದು ಇದು?"

"ಸೋಮಾರ ಆರೂವರಿ ಮ್ಯಾಲ್ರಿ" ಎಂದರು ಚೌಗಲಾ, ಸಿಕ್ಕಿಬಿದ್ದ ಕಳ್ಳನ ಧ್ವನಿಯಲ್ಲಿ. "ಹತ್ತ ಮಿನಿಟ್ನ್ಯಾಗ ಸರಿ ಆತ್ರಿ."

"ಸರಿ ಆಗಿಲ್ಲ ಚೌಗಲಾ. ಇದು ಲಕ್ವಾ ಮುಂಚಿತ ಕಳಿಸಿದ ಕಾಗದ. ಕಿಡ್ನಿ ಸೊರಗಿದವ್ರಿಗೆ ಲಕ್ವಾ ಹೊಡಿಯೂ ಅಂಜಿಕಿ ಉಳದವ್ರಿಗಿಂತ ಭಾಳ ಜಾಸ್ತಿ. ಮೂತ್ರದಾಗ ಪ್ರೋಟೀನು ಸೋರ್ತೈತಿ, ರಕ್ತ ಕಡಿಮಿ ಬೀಳ್ತೈತಿ, ರಕ್ತನಾಳ ಬಿರುಸಾಕ್ಕಾವು. ಆದ್ರ ಇವೆಲ್ಲಾವಕ್ಕೂ ಸರದಾರ ಅಂದ್ರ ಬಿಪಿ. ನಿಮ್ಮದು ನೋಡಿದ್ರ..." ಅವರು ಯಂತ್ರದ ಕಡೆ ಅನುಮಾನದಿಂದ ನೋಡಿದರು.

ಆಮೇಲೆ ವಿಚಾರಣೆ ಶುರುವಾಯಿತು. ನಾಡಿ ಹಿಡಿದರು, ಹೃದಯದ ಇಸಿಜಿ ಪಟ್ಟಿ ತೆಗೆಸಿದರು. ಬಡಿತ ತಾಳ ತಪ್ಪಿರಲಿಲ್ಲ. ಸಕ್ಕರೆ ಇರಲಿಲ್ಲ. ಬೀಡಿ, ತಂಬಾಕು ಎಂದು ಕೇಳಿದಾಗ ರತ್ನಮಾಲಾ ತಮ್ಮ ಕುಲವನ್ನೇ ಕೇಳಿದಂತೆ ಡಾಕ್ಟರರನ್ನು ನೋಡಿದಳು. ಬೇರೆ ಏನಾದರೂ ಗುಳಿಗೆ? ಈ ಪ್ರಶ್ನೆಗೆ ಚೌಗಲಾ ಕಿಟಕಿಯ ಹೊರಗೆ ನೋಡಿದರು, ರತ್ನಮಾಲಾ ಗಂಡನ ಅಂಗಿಯ ಜೇಬಿಗೆ ಕೈಹಾಕಿ ಗುಳಿಗೆಗಳ ಒಂದು ಪಟ್ಟಿ ತೆಗೆದಳು. ಮಣಿಕಟ್ಟು ನೋವಿಗೆ ಔಷಧದ ಅಂಗಡಿಯವನು ಕೊಟ್ಟದ್ದು, ವರ್ಷಾನುಗಟ್ಟಲೆಯದು. "ಕಿಡ್ನಿಗೆ ಇದು ಮಣ್ಣ ಹಾಕೂ ಗುಳಗಿ, ಬಿಪಿ ಬ್ಯಾರೆ ಏರಸ್ತೈತಿ" ಎಂದು ಡಾಕ್ಟರು ಅದನ್ನು ಬುಟ್ಟಿಗೆ ಎಸೆದರು. ಆದರೂ ಒಗಟು ಪೂರ್ತಿ ಬಿಡಲಿಲ್ಲ.

"ನಾ ಕೊಟ್ಟಿದ್ದು ಬರೋಬ್ಬರಿ ನಡದೈತಿಲ್ಲ? ರಾತ್ರಿ ಗುಳಗಿ ಉಂಡ ಮ್ಯಾಲ ತಗೋತೀರಿಲ್ಲ?"

"ರಾತ್ರಿ?" ರತ್ನಮಾಲಾ ಬೆರಗಾದಳು. "ರಾತ್ರಿ ಎಂಥಾ ಗುಳಗಿ ರೀ? ಹೊತ್ತ ಮುಳಗಿದ ಮ್ಯಾಲ ಇವರ ಬಾಯಿಗೆ ಹನಿ ನೀರ ಹೋಗೂದಿಲ್ಲ!"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಚೌಗಲಾ ಅವರ ಕಡೆ ತಿರುಗಿದರು.

"ಮುಂಜಾನಿ ಎರಡೂ ಕೂಡೇ ತಗೋತೀನ್ರಿ" ಎಂದರು ಚೌಗಲಾ. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಒಂದೂ ಬಿಟ್ಟಿಲ್ರಿ."

ಡಾಕ್ಟರು ಹಣೆಗೆ ಕೈ ಹಚ್ಚಿದರು. "ಎರಡು ವರ್ಷ ನೀವು ನನಗ ಬರೀ ಹನ್ನೊಂದೂವರಿ ಬಿಪಿ ತೋರಿಸೀರಿ ಮಾರಾಯ್ರ! ಸಂಜಿಕ ಗುಳಗಿ ಜೋರು ಇಳದ ಮ್ಯಾಲಿನ ಬಿಪಿ ಯಾರಿಗೆ ತೋರಿಸಿದ್ರಿ?"

ಆ ದಿನ ತಲೆಯ ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ಗಾಯವೇನೂ ಉಳಿದಿರಲಿಲ್ಲ. ಶಹಾಪುರದಲ್ಲಿದ್ದ ರತ್ನಮಾಲಾಳ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಏಳಕ್ಕೆ, ಗುಳಿಗೆ ನುಂಗದೆ ದವಾಖಾನೆಗೆ ಹೋದರು. ಪಾದರಸ ಇನ್ನೂರಾ ನಾಲ್ಕಕ್ಕೆ ನಿಂತಿತು, ಕೆಳಗೆ ನೂರಾ ಹದಿನೆಂಟು. ಡಾಕ್ಟರು ಮತ್ತೊಮ್ಮೆ ನೋಡಿದರು. ಹೊಸ ಅಳಿಯ ಪ್ರತಿದಿನ ಬೆಳಗಾಗುವ ಮುನ್ನ ಮಾವನ ಮನೆಯನ್ನು ಕೆಡವುತ್ತಿದ್ದದ್ದು ಕೊನೆಗೂ ಬಯಲಾಯಿತು.

"ಇದು ನನ್ನದೂ ತಪ್ಪ" ಎಂದರು ಡಾಕ್ಟರು. "ಹೆಸರ ಕೇಳಿದೆ, ಊರ ಕೇಳಿದೆ, ಉಣ್ಣೂದು ಎಷ್ಟಕ್ಕ ಅಂತ ಕೇಳಲಿಲ್ಲ. ಎರಡನೇ ಗುಳಗಿ ಸಂಜಿಕ ಊಟದ ಜೋಡಿ ತಗೋರಿ. ಹೊತ್ತ ಮುಳಗೂ ಮೊದಲ."

ಚೌಗಲಾ ಬೆರಳು ಮಡಚಿ ಹೊತ್ತಿನ ಲೆಕ್ಕ ಹಾಕಿದರು. "ನಡೀತೈತೇನ್ರಿ ಹಂಗ?"

"ನಡೀತೈತಿ."

ಎರಡು ವರ್ಷದ ಧರ್ಮಸಂಕಟ ಒಂದು ಶಬ್ದಕ್ಕೆ ಮುಗಿಯಿತು. ಹಳೆಯದರ ಬದಲು ದೀರ್ಘ ಹೊತ್ತು ನಿಲ್ಲುವ ಗುಳಿಗೆ ಬಂತು, ರಕ್ತ ಹೆಪ್ಪುಗಟ್ಟದಂತೆ ಒಂದು ಚಿಕ್ಕದು ಸೇರಿತು. ದಿನವೂ ಬೆಳಿಗ್ಗೆ, ಗುಳಿಗೆಗಿಂತ ಮೊದಲು, ಪಕ್ಕದ ಓಣಿಯ ನರ್ಸ್ ಬಾಳವ್ವ ಬಿಪಿ ನೋಡುವುದೆಂದಾಯಿತು. ಕಾವಲಿಗೆ ರತ್ನಮಾಲಾ ನೇಮಕವಾದಳು. ಸೂಜಿ ಜಾರಿದ ಎಂಟನೆಯ ದಿನ, ಸನ್ಮತಿ ಭಾವನಿಗೆ ಬಡಿದ ದಿನ, ಅವಳು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಕಟ್ಟೆಯಲ್ಲಿ ಕೂತು ಗಂಡನ ಬಲಗೈಯನ್ನೇ ನೋಡಿದಳು. ಕೈ ಇಪ್ಪತ್ತಾರು ಹೆಸರು ಕೊರೆಯಿತು. ಒಂಬತ್ತನೆಯ ದಿನವೂ ಅವಳು ಬಂದಳು, ಆದರೆ ಹೆಣೆಯಲು ಉಲ್ಲನ್ ತಂದಿದ್ದಳು. ಮೂರು ವಾರಕ್ಕೆ ಬೆಳಗಿನ ಬಿಪಿ ನೂರಾ ನಲವತ್ತರ ಹತ್ತಿರ ಬಂತು. ಮೂತ್ರಪಿಂಡಗಳು ಹೋದಷ್ಟು ಹೋಗಿದ್ದವು. ಅವು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೆ ಇಳಿತ ನಿಧಾನವಾಯಿತು, ಕೈ ಉಳಿಯಿತು.

ಸೋಮಲಿಂಗನ ಬಾಯಲ್ಲಿ ಕಥೆ ದಿನಕ್ಕೊಂದು ಗೇಣು ಬೆಳೆಯಿತು. ಗಣೇಶ ಚವತಿಯ ಹೊತ್ತಿಗೆ ಅದರಲ್ಲಿ ಯಮ ಖುದ್ದು ಅಂಗಡಿಯ ಹೊಸ್ತಿಲಿಗೆ ಬಂದು ಬಲಗೈ ಹಿಡಿದು ಎಳೆದಿದ್ದ, ಚೌಗಲಾ ಎಡಗೈಯಲ್ಲಿ ಕೊಡ ಹಿಡಿದು ಹತ್ತು ನಿಮಿಷ ಕಾದಾಡಿದ್ದರು, ಕೊಡದ ಮೇಲಿನ ಗೆರೆ ಆ ಯುದ್ಧದ ನಕ್ಷೆಯಾಗಿತ್ತು. ಗಿರಾಕಿಗಳು ಬಾಯಿ ಕಳೆದು ಕೇಳುತ್ತಿದ್ದರು. ಚೌಗಲಾ ಪಕ್ಕದಲ್ಲೇ ಕೂತು, ಕಥೆ ಬೇರೆ ಯಾರದೋ ಎಂಬಂತೆ ಡಬ್ಬಿಯ ಮುಚ್ಚಳಕ್ಕೆ ಹೆಸರು ಕೊರೆಯುತ್ತಿದ್ದರು.

ನಾನೂ ಒಂದು ಡಬ್ಬಿ ಬರೆಸಲು ಹೋಗಿದ್ದೆ. ಕಥೆ ಮುಗಿದ ಮೇಲೆ ಹತ್ತಿರ ಸರಿದು ಕೇಳಿದೆ: ಅದೆಲ್ಲ ಇರಲಿ, ಗೆರೆ ಜಾರಿ ಸೂಜಿ ಕೈಬಿಟ್ಟ ಆ ಕ್ಷಣದಲ್ಲಿ, ಸಾವಿನ ಬಾಗಿಲಲ್ಲಿ ನಿಂತಾಗ, ನಿಜವಾಗಿ ನಿಮಗೆ ಏನನ್ನಿಸಿತು?

ಚೌಗಲಾ ಸೂಜಿ ಎತ್ತಿ, ಮುಚ್ಚಳದ ಪುಡಿ ಊದಿ, ನನ್ನ ಕಡೆ ನೋಡಿದರು.

"ವೋಲ್ಟೇಜ್ ಕಡಿಮಿ ಬಂದೈತಿ ಅಂತ ತಿಳಕೊಂಡಿದ್ನಿರಿ."